ಚೀಲದ ಬಾಯಿ

ಗಂಜಿನ್ಯಾಗ ಮೂವತ್ತೊಂದು ವರ್ಷ ತೊಗರಿ ನೋಡೀನಿ.
ಚೀಲದ ಬಾಯಾಗ ಯಾವಾಗ್ಲೂ ಚಂದಂದೇ ಇರ್ತದ.
ಅದಕ್ಕೇ ನಾನು ಬಗಲಿಗೆ ಕೊಳವಿ ಚುಚ್ಚಾಂವ,
ನಡುವಿನ ಕಾಳು ಅಂಗೈಗೆ ಸುರಕೊಂಡು
ಬಿಸಲಿಗೆ ಹಿಡದು, ಒಂದು ಹಲ್ಲಿಗೆ ಕಚ್ಚಿ
'ನುಸಿ ಅದ, ಸಾವಕಾರ' ಅಂದ್ರ
ಅಲ್ಲಿಗಿ ಮಾತು ಮುಗೀತು.
ಅಂಬಾರಾಯನ ಕಣ್ಣಂದ್ರ ಕಾಟಾ, ಅಂತಿದ್ರು.

ಸಕ್ಕರಿ ಬ್ಯಾನಿ ಬಂದು ಒಂಬತ್ತು ವರ್ಷ.
ಗುಳಿಗಿ ನುಂಗತೀನಿ, ನೆನಪಾದಾಗ.
ಚಾದಾಗ ಅರ್ಧ ಚಮಚ,
ಕಸ್ತೂರಿ ಒಳಗ ಹೋದಾಗ ಇನ್ನೊಂದು.
'ಕಣ್ಣು ತೋರಸ್ರಿ' ಅಂತ ಅಕಿ ವರ್ಷಾ ವರ್ಷಾ.
ಕಾಣದಾಂವ ತೋರಸ್ತಾನ, ನನಗೇನಾಗ್ಯಾದ?

ದವಾಖಾನಿ ಗ್ವಾಡಿ ಮ್ಯಾಲ
ಮೂರೇ ಹಲ್ಲಿನ ಹಣಿಗಿ, ಸಾಲಿಗೊಂದು ಸಣ್ಣಾಗ್ತಾ.
'ಹಲ್ಲು ಯಾ ಕಡಿ ಅವ, ಹೇಳ್ರಿ ಕಾಕಾ.'
ಎಡಕ್ಕ. ಮ್ಯಾಲ. ಬಲಕ್ಕ. ಕೆಳಗ. ಮತ್ತ ಕೆಳಗ.
ಕಡೀ ಸಾಲಿನ ತನಕ ಒಂದೂ ತಪ್ಪಲಿಲ್ಲ.
ಕಸ್ತೂರಿ ಕಡಿ ನೋಡಿ ಮೀಸಿ ತೀಡಿದೆ.

ಆಮ್ಯಾಲ ಹನಿ ಹಾಕಿ ಕುಂಡ್ರಿಸಿದ್ರು,
ಕಣ್ಣಾಗಿನ ಗೊಂಬಿ ಅರಳಬೇಕಂತ.
ಬಾಜೂಕ ಚಿತ್ತಾಪುರದಾಕಿ ಒಬ್ಬಾಕಿ ಮುದುಕಿ
ನನ್ನ ಕಿವಿ ಕಡಿ ಮಾರಿ ಮಾಡಿ ಹೇಳಿದ್ಲು:
'ನೋವಿಲ್ಲ, ಏನಿಲ್ಲಪ್ಪ. ಒಂದಿನ ಮುಂಜಾನಿ
ಕರೀ ಎಳಿ ತೇಲಾಡಿದ್ವು.
ಜ್ಯಾಡರ ಬಲಿ ಅಂತ ತಿಳದು
ಕಸಬರಗಿ ತಗೊಂಡು ಇಡೀ ಮನಿ ಝಾಡಿಸಿದೆ.'

ಡಾಕ್ಟರಮ್ಮ ಹಣಿಗೆ ದೀಪ ಕಟಗೊಂಡು ಬಗ್ಗಿದ್ಲು.
ಮ್ಯಾಲ ನೋಡ್ರಿ, ಕೆಳಗ ನೋಡ್ರಿ, ಮೂಗಿನ ಕಡಿ.
ಇಷ್ಟು ವರ್ಷ ಕೊಳವಿ ಹಿಡದಾಂವ
ಇವತ್ತ ನಾನೇ ಚೀಲ.
'ಹಿಂದಿನ ಪರದೆ ಮ್ಯಾಲ ನೆತ್ತರ ಚಿಕ್ಕಿ ಅವ.'
'ಎಷ್ಟವ?' ಅಂದೆ, ದರ ಕೇಳಿದಂಗ.
'ಸದ್ಯ ಥೋಡೆ. ಸಕ್ಕರಿ ಹಿಡತಕ್ಕ ತರ್ರಿ,
ಆರು ತಿಂಗಳಿಗಿ ಮತ್ತ ಬರ್ರಿ.'
'ಆದ್ರ ನನಗ ಎಲ್ಲಾ ಕಾಣ್ತದಲ್ರಿ?'
'ಕಾಣೋ ತನಕ ಕಾಣ್ತದ,' ಅಂದು
ಮುಂದಿನವರನ್ನ ಕರದ್ಲು.

ಹೊರಗ ಕಲಬುರಗಿ ಬಿಸಲು,
ಸುಣ್ಣದಾಗ ಅದ್ದಿ ತಗದಂಗ ರಸ್ತಾ, ಆಟೋ, ಮಂದಿ.
ಕಸ್ತೂರಿ ಮೊಣಕೈ ಹಿಡದಿದ್ಲು.
ಅಂಗಿ ಕಿಸೆದಾಗ ಯಾವಾಗ್ಲೂ ನಾಕು ಕಾಳು ಉಳದಿರ್ತಾವ,
ತಗದು ಅಂಗೈ ಮ್ಯಾಲ ಇಟಗೊಂಡೆ.
ಕೆಂಪಗ ಏನೋ ಅದ, ಅಷ್ಟೇ.
ಒಂದು ಬಾಯಾಗ ಹಾಕಿ ಕಚ್ಚಿದೆ.
ಹಳ್ಳ.

ಅಕಿ ನಗ್ತಾಳಂತ ಕಾದೆ. ನಗಲಿಲ್ಲ.
'ಆರು ತಿಂಗಳು ಅಂದ್ರ ಯಾವಾಗ್ರಿ?' ಅಂದ್ಲು,
ಚೀಟಿ ಸೆರಗಿನ್ಯಾಗ ಗಂಟು ಹಾಕ್ತಾ.
ಹೊಸಾ ತೊಗರಿ
ಗಂಜಿಗಿ ಬರೋದ್ರೊಳಗ, ಅಂದೆ.