ಬಳೆ, ಬಲೆ

ಸ್ವಾನ್ಸಿಯ ಗಾಳಿಗೆ ಉಪ್ಪು ಜಾಸ್ತಿ.
ಅಂಗಡಿಯ ಬಾಗಿಲು ತಾನಾಗಿ ಸರಿಯಿತು, ಗಾಳಿ ಹೊರಗೇ ನಿಂತಿತು.
ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ.
‘ಇವರಿಗೆ ಏನು ಬೇಕಂತೆ?’
ಹುಡುಗ ಕೇಳಿದ್ದು ಗ್ವೆನ್‌ಳನ್ನು.
ಗ್ವೆನ್ ಬಾಯಿ ಬಿಡಲಿಲ್ಲ. ಒಳ್ಳೆಯ ನೆರೆಯವಳು,
ಯಾವಾಗ ಸುಮ್ಮನಿರಬೇಕೆಂದು ಬಲ್ಲವಳು.

ಲ್ಯಾಪ್‌ಟಾಪ್ ಬೇಕಪ್ಪ, ನನಗೆ, ಎಂದೆ.

ಹೆಸರು ರೀಸ್. ದನಿಗೆ ಇನ್ನೂ ಮೀಸೆ ಮೂಡಿಲ್ಲ.
ಪರದೆಯನ್ನು ಹೊಗಳಿದ:
ಇದರೊಳಗಿನ ಕಡಲು ಹೊರಗಿನ ಕಡಲಿಗಿಂತ ನೀಲಿ,
ಲಕ್ಷ ಲಕ್ಷ ಚುಕ್ಕಿ.
ನನಗೆ ಆರು ಸಾಕು, ಎಂದೆ.
ಪರದೆ ಆರಿಸಿಯೇ ಇಡುತ್ತೇನೆ, ಹಾಗಿಟ್ಟರೆ
ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಹೇಳು.
ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಮೊದಲನೆಯದನ್ನು ಮುಟ್ಟಿದೆ. ತಣ್ಣಗೆ, ತೆಳ್ಳಗೆ, ಹಪ್ಪಳ.
ಮೇಲಿನ ಸಾಲಲ್ಲಿ ಗುಂಡಿಗಳಿರಬೇಕಾದ ಕಡೆ ನುಣುಪು ಗಾಜು;
ಬೆರಳಿಟ್ಟರೆ ಏನೋ ಆಗುತ್ತದಂತೆ,
ಏನಾಯಿತೆಂದು ನೋಡಿದವರಿಗೆ ತಿಳಿಯುತ್ತದಂತೆ.
ಬೇಡ.
ಎರಡನೆಯದಕ್ಕೆ ಎಫ್ ಮೇಲೆ, ಜೆ ಮೇಲೆ
ಎಳ್ಳಿನಷ್ಟು ಉಬ್ಬು ಇತ್ತು.
ಆ ಎರಡು ಎಳ್ಳು ಸಿಕ್ಕರೆ ನಾನು ಮನೆಯಲ್ಲೇ ಇದ್ದಂತೆ.
ಆದರೆ ಒಳಗಿನ ಫ್ಯಾನು ಮರಳುವ ಎಸರಿನ ಹಾಗೆ
ಒಂದೇ ಸಮನೆ ಸದ್ದು.
ನನ್ನ ಕಿವಿಯಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.
ಮೂರನೆಯದು ಮೂಲೆಯಲ್ಲಿತ್ತು, ಯಾರೋ ಬಳಸಿ ಬಿಟ್ಟದ್ದು, ಅರ್ಧ ಬೆಲೆ,
ದಪ್ಪ. ಗುಂಡಿಗಳಿಗೆ ಆಳ.
ಪಕ್ಕೆಯಲ್ಲಿ ಹೆಡ್‌ಫೋನಿಗೆ ದುಂಡನೆ ತೂತು.

ಓದುವ ದನಿ ಇದೆಯಾ?
ಇರಬೇಕು, ಎಂದು ಹುಡುಕತೊಡಗಿದ.
ನಾನು ಮೂರು ಗುಂಡಿ ಒಟ್ಟಿಗೆ ಒತ್ತಿದೆ,
ಯಂತ್ರ ಬಾಯಿ ಬಿಟ್ಟಿತು.
ವೇಗ ಏರಿಸಿದೆ, ಇನ್ನೂ, ಇನ್ನೂ,
ಮೊರದಿಂದ ರಾಗಿ ಸುರಿದಂತಾಗುವ ತನಕ.
ಕೆಟ್ಟಿದೆ ಅನ್ನಿಸುತ್ತೆ, ಎಂದ ರೀಸ್.
ಇಲ್ಲ ಮಗು, ಇದು ನನ್ನ ನಡಿಗೆ.

ಕನ್ನಡದ ದನಿ ಇಳಿಸಿಕೊಳ್ಳಲು ಹನ್ನೊಂದು ನಿಮಿಷ.
ಗ್ವೆನ್ ಕುರ್ಚಿ ಹುಡುಕಿದಳು.
ನಾನು ಟೈಪಿಸಿದೆ: ನನ್ನ ಬಳೆ ಹಳ್ಳಿಯಲ್ಲಿದೆ.
ಅದು ಓದಿತು: ನನ್ನ ಬಲೆ ಹಲ್ಲಿಯಲ್ಲಿದೆ.
ಹೊಟ್ಟೆ ಹಿಡಿದು ನಕ್ಕೆ. ಯಾಕೆಂದು ಇಂಗ್ಲಿಷಿನಲ್ಲಿ
ಹೇಳಲು ಹೋಗಿ, ಬಳೆ ಮುಗಿಸಿ ಹಲ್ಲಿಗೆ ಬರುವಷ್ಟರಲ್ಲಿ ಸೋತೆ.
ನಮ್ಮೂರು ಹೇಳಿಸು ಅದರ ಬಾಯಲ್ಲಿ, ಎಂದಳು ಗ್ವೆನ್.
ನಾಲಿಗೆಯ ಪಕ್ಕದಿಂದ ಗಾಳಿ ಬಿಟ್ಟು
ಹ್ಲನೆಹ್ಲಿ ಎಂದು ಅವಳು ಕರೆಯುವ ಊರು
ಯಂತ್ರಕ್ಕೆ ಬರೀ ಲನೆಲಿ,
ಇಸ್ತ್ರಿ ಮಾಡಿದ ಬಟ್ಟೆ.
ಅವಳೂ ನಕ್ಕಳು. ಕಡಿಮೆ ಹೊತ್ತು.

ಬೆರಳಡಿ ಚುಕ್ಕಿ ಏಳುವ ಬ್ರೈಲ್ ಪಟ್ಟಿ ಅಂಗಡಿಯಲ್ಲಿರಲಿಲ್ಲ.
ಬೆಲೆ ಫೋನಿನಲ್ಲಿ ಹೇಳಿದರು:
ಇಂಥ ಯಂತ್ರ ಮೂರು ಕೊಂಡು
ಮಿಕ್ಕ ದುಡ್ಡಲ್ಲಿ ಉಣ್ಣೆಯ ಕೋಟು ಹೊಲಿಸಬಹುದು.
ಸಹಾಯಧನಕ್ಕೆ ಅರ್ಜಿ ಇದೆಯಂತೆ.
ಬಂತು, ಅಂಚೆಯಲ್ಲಿ, ಕಾಗದದ ಮೇಲೆ, ಸಣ್ಣ ಅಚ್ಚಿನಲ್ಲಿ.
ಗ್ವೆನ್ ಓದಿ ಹೇಳಿದ ಮೊದಲ ಪ್ರಶ್ನೆ:
ನೀವು ಈ ಅರ್ಜಿಯನ್ನು ಓದಬಲ್ಲಿರಾ?

ಈಗ ಆ ದಪ್ಪ ಯಂತ್ರ ಅಡುಗೆಮನೆಯ ಮೇಜಿನ ಮೇಲಿದೆ,
ಮುಂದೆ ಸಂಘದವರು ಹದಿನೈದು ದಿನಕ್ಕೆಂದು ಕೊಟ್ಟ ಪಟ್ಟಿ,
ಸಾಲಾಗಿ ಇಪ್ಪತ್ತು ಮನೆ.
ಲ ಎಂದರೆ ಎಡಗೋಡೆಗೆ ಒರಗಿದ ಮೂರು ಚುಕ್ಕಿ,
ಳ ಎಂದರೆ ಬಲಗೋಡೆಗೆ.
ನಡುವಿನ ಓಣಿ ಸಾಸಿವೆ ಉರುಳುವಷ್ಟು.
ಕಿವಿಗೆ ಹಲ್ಲಿ ಎನ್ನುತ್ತಿದೆ,
ಬೆರಳಿಗೆ ಹಳ್ಳಿ.
ಬೆರಳನ್ನು ನಂಬುತ್ತೇನೆ, ಮಂಗಳವಾರದವರೆಗೆ.
ಮಂಗಳವಾರ ಪಟ್ಟಿ ವಾಪಸು.

ನಿನ್ನೆ ರೀಸ್ ಫೋನ್ ಮಾಡಿದ್ದ, ತಾನಾಗಿಯೇ.
ಬ್ಯಾಟರಿ ಎಂಟು ಗಂಟೆ ಬರುತ್ತದಂತೆ,
ಪರದೆ ಹಚ್ಚಿದರೆ.
ಆರಿಸಿದರೆ?
ತಡೀರಿ, ಎಂದ. ಆರಿಸಿ ನೋಡಿ ಹೇಳ್ತೀನಿ.