ಇಂಚು, ಸೆಂಟು

ಮಡಿಕೇರಿಯಿಂದ ಫೋನು: ಮೂವತ್ತು ವರ್ಷದ ಮಳೆಲೆಕ್ಕ
ಒಂದೇ ಜಿಪ್ಪಿನಲ್ಲಿ ಬೇಕು, ಸಂಜೆಯೊಳಗೆ.
'ಕೊನೆಯದ್ದು ಮಾತ್ರ ಕಳಿಸಿ ಮೇಡಂ,
ತಿದ್ದಿದ್ದು ಒರೆಸಿದ್ದು ನಮಗೆ ಬೇಡ.'

ಮಾದಾಪುರದ ಸೊಸೈಟಿ. ಕೆಳಗೆ ಗೊಬ್ಬರದ ಮೂಟೆ,
ಅಟ್ಟದಲ್ಲಿ ನಾನು, ಕಂಪ್ಯೂಟರು, ಕರೆಂಟು ಹೋದಾಗಲೆಲ್ಲ
ಕುಂಯ್‌ಗುಡುವ ಯುಪಿಎಸ್ಸು.
ಹನ್ನೊಂದು ಎಸ್ಟೇಟು, ಹನ್ನೊಂದು ಅಳತೆಯ ಡಬ್ಬ.

ಇಲ್ಲಿ ಯಾರೂ ಮಳೆ ಬಂತೇ ಎಂದು ಕೇಳುವುದಿಲ್ಲ,
ಎಷ್ಟು ಬಂತು ಎನ್ನುತ್ತಾರೆ.
ಮದುವೆ ಊಟದ ಸಾಲಿನಲ್ಲೂ, ಹೆಣ ಇಳಿಸಿದ ಅಂಗಳದಲ್ಲೂ
'ನಿಮ್ಮಲ್ಲೆಷ್ಟು?' 'ಎರಡು ಇಂಚು ನಲವತ್ತು ಸೆಂಟು.'
ಸೇತುವೆಯಾಚೆ ಅದೇ ಮಳೆ ಒಂದು ಎಂಬತ್ತು.
ಇನ್ನೊಬ್ಬ ಸುಳ್ಳ ಎಂದು ಇಬ್ಬರಿಗೂ ಗುಮಾನಿ.

ಅದಕ್ಕೇ ಎಲ್ಲವನ್ನೂ ಗಿಟ್ಟಿಗೆ ಹಾಕಿದ್ದು.
ಯಾರು, ಯಾವತ್ತು, ಯಾವ ಅಂಕಿ ಬದಲಿಸಿದರು;
ಯಾಕೆ ಎಂದು ಒಂದು ಸಾಲು ಬರೆಯದೆ ಕಮಿಟ್ ಇಲ್ಲ.
ಮೊದಮೊದಲು 'ಸರಿಪಡಿಸಿದೆ'. 'ಸರಿಪಡಿಸಿದೆ'. 'ಮತ್ತೆ ಸರಿಪಡಿಸಿದೆ'.
ಆಮೇಲೊಂದು ದಿನ ರೈಟರು ಕುಂಞಾಲಿ
ಮೆಟ್ಟಿಲು ಹತ್ತಿ ಬಂದು, ಕೊಡೆ ಮಡಚದೆಯೇ ಬರೆಸಿದರು:
'ಮಾರ್ಚ್ ಏಳರ ಹೂಮಳೆ ತೊಂಬತ್ತು ಸೆಂಟಲ್ಲ, ನಲವತ್ತು.
ಧಣಿಗೆ ಬೇಜಾರಾದೀತೆಂದು
ಮಿಕ್ಕ ಐವತ್ತು ನಾನೇ ಸುರಿದಿದ್ದು.'

ಅಲ್ಲಿಂದ ಎಲ್ಲರೂ ಬಾಯಿಬಿಟ್ಟರು.
ಡಬ್ಬದೊಳಗೆ ಕಪ್ಪೆಯಿತ್ತು, ಹದಿನೈದು ಸೆಂಟು ಕಪ್ಪೆಯದ್ದು.
ಮೂರು ದಿನ ಜ್ವರ, ಪಕ್ಕದ ತೋಟದ ಅಂಕಿ ಕದ್ದೆ.
ಗುಡ್ಡ ಜಾರಿದ ವರ್ಷದ ಆಗಸ್ಟಿಗೆ
ಮೇಲಿನ ಎಸ್ಟೇಟಿನ ಅಚ್ಚವ್ವ ಬರೆದದ್ದು:
'ಹನ್ನೆರಡು ಇಂಚು ಎಂದಿರುವುದು ಮಳೆಯಲ್ಲ, ಡಬ್ಬದ ಎತ್ತರ.
ರಾತ್ರಿಯೇ ತುಂಬಿ ಚೆಲ್ಲಿತ್ತು.
ಬೆಳಿಗ್ಗೆ ಡಬ್ಬ ಇತ್ತು. ಲೈನ್‌ಮನೆ ಇರಲಿಲ್ಲ.
ಅಂಕಿ ತೆಗೆದಿದ್ದೇನೆ.'

ಕಪ್ಪು ಪರದೆಯ ಮೇಲೆ ಟೈಪಿಸಿದೆ:
ಗಿಟ್ ಆರ್ಕೈವ್, ಟ್ಯಾಗಿನ ಹೆಸರು, ಜಿಪ್. ಎಂಟರ್.
ಲೋಟ ತುಟಿಗೆ ಹೋಗುವಷ್ಟರಲ್ಲಿ ಮುಗಿಯಿತು.
ಕಣದ ಕಾಫಿ ಹಲ್ಲರಿಗೆ ಹೋಗಿ
ಸಿಪ್ಪೆ ಬಿಟ್ಟು ಗೋಣಿ ಸೇರಿದಷ್ಟು ಚೊಕ್ಕ.

ತೆರೆದು ನೋಡಿದೆ.
ಹನ್ನೊಂದು ಫೋಲ್ಡರಿರಬೇಕು. ಹತ್ತಿವೆ.
ಹುಲಿಬಾಣೆ ಎಸ್ಟೇಟು ಕಾಣೆ.
ರಿಜಿಸ್ಟರು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತಲೇ
ತೀರಿಕೊಂಡರು ಬಿದ್ದಪ್ಪ.
ಅವರ ಹೆಸರಲ್ಲಿ ನಾನು ಮಾಡಿಟ್ಟ ಫೋಲ್ಡರು
ನನ್ನ ಕಂಪ್ಯೂಟರಿನಲ್ಲಷ್ಟೇ ಇದೆ;
ಖಾಲಿಯಿರುವುದನ್ನು ಗಿಟ್ ಗಣನೆಗೇ ತೆಗೆದುಕೊಳ್ಳುವುದಿಲ್ಲ.
ಒಳಗೊಂದು ಸೊನ್ನೆಯಾದರೂ ಬೇಕು, ಇದ್ದೇನೆ ಎನ್ನಲು.

ಇನ್ನೊಂದು. ಎಲ್ಲ ಫೈಲಿಗೂ ಒಂದೇ ದಿನಾಂಕ,
ಕೊನೆಯ ಕಮಿಟ್ಟಿನ ಗಂಟೆ ನಿಮಿಷ.
ಮೂವತ್ತು ವರ್ಷದ ಮಳೆ
ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ
ಒಟ್ಟಿಗೇ ಸುರಿದ ಹಾಗೆ.

ಮಾರ್ಚ್ ಏಳರ ಎದುರು ನಲವತ್ತು. ಐವತ್ತರ ಸುದ್ದಿಯಿಲ್ಲ.
ಕಪ್ಪೆ ಇಲ್ಲ. ಜ್ವರ ಇಲ್ಲ.
ಆಗಸ್ಟಿನ ಮನೆಯಲ್ಲೊಂದು ಅಡ್ಡಗೆರೆ.
ಗೆರೆ ಕಂಡರೆ ಮಡಿಕೇರಿಯವರು
ಅಂದು ಮಳೆಯಿಲ್ಲ ಎಂದು ಓದಿಬಿಟ್ಟರೆ?

ಅಚ್ಚವ್ವನಿಗೆ ಫೋನು ಹಚ್ಚಿದೆ.
'ಎಷ್ಟು ಎಂದು ಹಾಕಲಿ?'
ಆಚೆ ಕೋಳಿಗಳ ಗಲಾಟೆ, ಯಾರನ್ನೋ ಬೈದರು, ಆಮೇಲೆ:
'ಗೊತ್ತಿಲ್ಲ ಅಂತಲೇ ಬರಿ ಮಗಾ.
ಅದೊಂದೇ ದಿನ ನಾನು ಸರಿಯಾಗಿ ಅಳೆದದ್ದು.'

ಬರೆದೆ. ಗೆರೆಯ ಜಾಗದಲ್ಲಿ ಅವರ ನಾಲ್ಕೂ ಸಾಲು,
ಕುಂಞಾಲಿಯವರ ಅನುಮತಿ ಕೇಳದೆ ಅವರ ಐವತ್ತು ಸೆಂಟು.
ಹುಲಿಬಾಣೆಯ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲು:
'ಇಲ್ಲೂ ಮಳೆಯಾಗಿದೆ. ರಿಜಿಸ್ಟರು ಸಿಕ್ಕಿಲ್ಲ.'
ಕಮಿಟ್. ಹೊಸ ಟ್ಯಾಗು. ಮತ್ತೆ ಅದೇ ಆಜ್ಞೆ, ಅದೇ ಎಂಟರ್.

ಈಗ ಮಳೆ
ಇವತ್ತು ಸಂಜೆ ಐದೂ ಇಪ್ಪತ್ತಕ್ಕೆ ಸುರಿದಿದೆ, ಎಲ್ಲ ಕಡೆ,
ಹುಲಿಬಾಣೆಯಲ್ಲೂ.