ಹೊಲಿಗೆ ಬಿಟ್ಟ ಜಾಗ

ಕೌಲ್ ಬಜಾರಿನ ನಮ್ಮ ಸಂದಿಯಲ್ಲಿ ರಾತ್ರಿ ಹತ್ತಕ್ಕೆ
ಕಟಿಂಗ್ ಮಷೀನು ಬಾಯಿ ಮುಚ್ಚುತ್ತದೆ.
ಅದೇ ಟೇಬಲ್ಲು, ನಲವತ್ತು ಪದರ ಡೆನಿಮ್ಮು,
ಅದರ ಮೇಲೆ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು.
ಉಗುರಿನ ನೀಲಿ ಕೀಬೋರ್ಡಿಗೂ ಹತ್ತಿದೆ.
ದಿನವಿಡೀ ಗುಂಡಿ, ರಾತ್ರಿಯೆಲ್ಲ ಗುಂಡು.

ಮೊದಲು ಒಂದು ಚೌಕ ಬಂತು. ಹಸಿರು.
ಬಾಣದ ಕೀ ಒತ್ತಿದೆ, ಸರಿಯಿತು.
ಯಾರೂ ಇಲ್ಲದ ಆ ಶೆಡ್ಡಿನಲ್ಲಿ
ನಾನೊಬ್ಬನೇ ಸಿಳ್ಳೆ ಹಾಕಿದೆ.

ಶಾಲೆಯ ಬೋರ್ಡಿನಲ್ಲಿ ವೈ ಮೇಲಕ್ಕೇರುತ್ತಿತ್ತು,
ಇಲ್ಲಿ ಕೆಳಗಿಳಿಯುತ್ತದೆ.
ತಪ್ಪು ನನ್ನದೆಂದು ಎರಡು ದಿನ ತಿದ್ದಿದೆ.
ಆಮೇಲೆ ಹೊಳೆಯಿತು: ಪ್ಯಾಂಟೂ ಹಾಗೇ ಅಲ್ಲವೆ,
ಸೊಂಟವೇ ಸೊನ್ನೆ,
ಅಲ್ಲಿಂದ ಟೇಪು ಕೆಳಕ್ಕೇ.

ಓರೆಯಾಗಿ ಓಡಿದರೆ ನನ್ನ ಚೌಕ ಜೋರು.
ನೆಟ್ಟಗೆ ನೂರು, ಓರೆಗೆ ನೂರಾ ನಲವತ್ತೊಂದು.
ಯಾಕೆಂದು ಹುಲುಗಪ್ಪ ಮಾಸ್ತರನ್ನು ಕೇಳಿದೆ, ಸುಮ್ಮನೆ.
"ಕ್ರಾಸಿಗೆ ಜಗ್ಗಿದ್ರ ಬಟ್ಟಿ ಬರೋದೇ ಹಂಗಲೇ ಯರ್ರಿಸ್ವಾಮಿ,
ಇದನ್ನೂ ಕೇಳ್ತಾರೇನು?"
ಉತ್ತರ ಸರಿಯೋ ತಪ್ಪೋ,
ವೇಗವನ್ನು ಅದರ ಉದ್ದದಿಂದ ಭಾಗಿಸಿದೆ.
ಜಗ್ಗುವುದು ನಿಂತಿತು.

ಆಮೇಲೆ ಗುಂಡು. ಸ್ಪೇಸ್ ಒತ್ತಿದರೆ ಹಳದಿ ಚುಕ್ಕೆ.
ತಾಗಿದರೆ ಶತ್ರು ಮಾಯ, ತಾಗದಿದ್ದರೆ
ಪರದೆಯ ಅಂಚು ದಾಟಿ ಹೋಯಿತು,
ಹೋಗಲಿ ಬಿಡು ಅಂದುಕೊಂಡೆ.
ಅರ್ಧ ಗಂಟೆಗೆ ಲ್ಯಾಪ್‌ಟಾಪಿನ ಫ್ಯಾನು
ವಾಷಿಂಗ್ ಯೂನಿಟ್ಟಿನ ಡ್ರಮ್ಮಿನಂತೆ ಅರಚಿತು, ಆಟ ತೆವಳಿತು.
ಎಣಿಸಿ ನೋಡಿದರೆ
ಒಂಬತ್ತು ಸಾವಿರದ ಚಿಲ್ಲರೆ ಗುಂಡು
ಕತ್ತಲಲ್ಲಿ ಇನ್ನೂ ಹೋಗುತ್ತಲೇ ಇದ್ದವು,
ತಾಗಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲದಿದ್ದರೂ.
ಅಂಚು ದಾಟಿದ್ದನ್ನು ಅಳಿಸು ಎಂದು ಬರೆದೆ.
ಒಂದೇ ಸಾಲು. ಅಷ್ಟಕ್ಕೆ ಮೂರು ರಾತ್ರಿ.

ಶತ್ರುವಿಗೆ ಚೌಕ ಸಾಲದು, ಮನುಷ್ಯನಂತಿರಬೇಕು.
ಮೇಲಿನಿಂದ ಮನುಷ್ಯ ಹೇಗಿರುತ್ತಾನೆ?
ನೀರಿನ ಟ್ಯಾಂಕು ಹತ್ತಿ ಕೂತು ನೋಡಿದೆ.
ಮುಖವಿಲ್ಲ. ತಲೆ, ಎರಡು ಭುಜ,
ಇಣುಕಿ ಒಳಗೆ ಹೋಗುವ ಪಾದ.
ಬುತ್ತಿ ತಂದ ಅಕ್ಕ ಬರೀ ಬೈತಲೆ.
ಮಿರ್ಚಿ ಗಾಡಿಯ ಮೆಹಬೂಬಿ ಒಂದಿಷ್ಟು ಸೆರಗು, ಒಂದಿಷ್ಟು ಹೊಗೆ.
ಲೇಬಲ್ ಹಚ್ಚುವ ದುರುಗಮ್ಮ, ಅವಳು ಮಲ್ಲಿಗೆ ಮಾತ್ರ.
ಇವರಲ್ಲಿ ಯಾರನ್ನು ಶತ್ರು ಮಾಡಲಿ?
ಕೊನೆಗೆ ಫೋನನ್ನು ಸೀಲಿಂಗಿನ ಕೊಕ್ಕೆಗೆ ಕಟ್ಟಿ
ನನ್ನದೇ ತಲೆಯ ಫೋಟೊ ತೆಗೆದೆ.
ನೆತ್ತಿಯಲ್ಲಿ ಕೂದಲು ಕಡಿಮೆಯಾಗಿದ್ದು ಆಗಲೇ ಗೊತ್ತಾಗಿದ್ದು.
ಒಂದನ್ನು ಹನ್ನೆರಡು ಮಾಡಿ ನಕ್ಷೆಯ ತುಂಬ ಬಿಟ್ಟೆ.

ನಿನ್ನೆ ಮಾಸ್ತರು ಕನ್ನಡಕ ಒರೆಸಿ ಆಡಲು ಕೂತರು.
ಒಂದು ಗುಂಡೂ ಹಾರಿಸಲಿಲ್ಲ.
ಗೋಡೆ ಹಿಡಿದೇ ನಡೆದರು, ಮೂಲೆಯಿಂದ ಮೂಲೆಗೆ,
ತಿರುವಿ ಹಾಕಿದ ಪ್ಯಾಂಟಿನ ಒಳಹೊಲಿಗೆಯ ಮೇಲೆ
ಹೆಬ್ಬೆರಳು ಓಡಿಸುವಂತೆ.
ಹಿಂದೆ ಹನ್ನೆರಡು ಮಂದಿ ನಾನು ಓಡಿ ಬರುತ್ತಿದ್ದೆ.
"ಹೊಡೀರಿ ಮಾಸ್ತರ, ಸ್ಪೇಸ್ ಒತ್ರಿ!"
"ತಡೀಲೇ."

ಬಲಗಡೆ, ಮೇಲಿನ ಮೂಲೆ.
ಕಣ್ಣಿಗೆ ಅಲ್ಲಿ ಗೋಡೆ ಇತ್ತು,
ಕೋಡಿನಲ್ಲಿ ಇರಲಿಲ್ಲ.
"ಇಲ್ಲಿ ಹೊಲಿಗಿ ಬಿಟ್ಟೀಯಲ್ಲ," ಅಂದರು,
ಅಂಗಳಕ್ಕೆ ಹೋದಷ್ಟು ಸಲೀಸಾಗಿ ಆಚೆ ಹೊರಟರು.

ಕಪ್ಪು. ನಾನು ಏನೂ ಬರೆಯದ ಕಪ್ಪು.
ಅದರ ನಡುವೆ ಹಸಿರು ಚೌಕ ಹೋಗಿ ನಿಂತಿತು.
ಈಚೆ ಹನ್ನೆರಡು ನೆತ್ತಿ ಗೋಡೆಗೆ ಹತ್ತಿ
ಒತ್ತುತ್ತಲೇ ಇದ್ದವು, ಒತ್ತುತ್ತಲೇ.
ಮಾಸ್ತರು ಕೈಬಿಟ್ಟು ಹಿಂದೆ ಒರಗಿದರು.
"ಇಲ್ಲಿ ತಂಪದ ನೋಡು," ಅಂದರು.
ಏಪ್ರಿಲ್ ರಾತ್ರಿ, ತಗಡಿನ ಮಾಡು, ಬಳ್ಳಾರಿ.

ಆ ಮೂಲೆಗೆ ನಾಲ್ಕು ಸಾಲು ಸಾಕು.
ನಾಳೆ ಮುನ್ನೂರು ಪೀಸಿನ ಆರ್ಡರಿದೆ,
ಆಮೇಲೆ ನೋಡೋಣ.